9900 ಎಂಎಎಚ್ ಅಂತ ಬರೆದ 18650 ಸೆಲ್‌ನಲ್ಲಿ 0.87 ಬಂತು, 35ಇ ಸೆಲ್‌ನಲ್ಲೂ ಕಮ್ಮಿ ತೋರಿಸ್ತಿದೆ. ತಪ್ಪು ಸೆಲ್‌ದಾ, ಟೆಸ್ಟರ್‌ದಾ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಕೊಡುವುದು ಹೆಚ್ಚಾಗಿ ರಾತ್ರಿ. ತೋಟಕ್ಕೆ ಹೋಗಿ ಮೋಟರ್ ಹಾಕಿ ಬರೋಕೆ ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಅದರ ಜೊತೆ ಬಂದಿದ್ದ ಸೆಲ್ ಬೇಗ ಖಾಲಿಯಾಗುತ್ತಿತ್ತು ಅಂತ ಆನ್‌ಲೈನ್‌ನಲ್ಲಿ ನಾಲ್ಕು ಸೆಲ್ ತರಿಸಿದೆ. 18650 ಸೈಜು (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ), ಮೈಮೇಲೆ ದಪ್ಪ ಅಕ್ಷರದಲ್ಲಿ 9900 ಎಂಎಎಚ್, 3.7 ವೋಲ್ಟ್ ಅಂತ ಇದೆ. ಹಳೆಯದಕ್ಕಿಂತ ಒಂದು ಚೂರೂ ಜಾಸ್ತಿ ಬಾಳಿಕೆ ಬರಲಿಲ್ಲ. ಆಮೇಲೆ ಬೆಂಗಳೂರಿಗೆ ಹೋದ ಸಂಬಂಧಿಕರ ಕೈಲಿ ಎಸ್‌.ಪಿ. ರೋಡ್‌ನ ಒಂದು ಅಂಗಡಿಯಿಂದ ಇನ್ನೆರಡು ಸೆಲ್ ತರಿಸಿದೆ. ಅದರ ಕವರ್ ಗುಲಾಬಿ ಬಣ್ಣ, ಐಎನ್ಆರ್18650-35ಇ ಅಂತ ಬರೆದಿದೆ, ಅಂಗಡಿಯವರು 3500 ಅಂದರಂತೆ.

ಸುಮ್ನೆ ಅನುಮಾನ ಪಡುವ ಬದಲು ಅಳೆದೇ ನೋಡೋಣ ಅಂತ ಝಡ್‌ಬಿ2ಎಲ್3 ಅನ್ನುವ ಸಣ್ಣ ಬೋರ್ಡ್ ತಗೊಂಡೆ. ಮೊಬೈಲ್ ಚಾರ್ಜರ್‌ನಿಂದ ಬೋರ್ಡ್‌ಗೆ ಕರೆಂಟ್ ಕೊಡಬೇಕು, ಜೊತೆಗೆ ಬಂದ 7.5 ಓಮ್ ರೆಸಿಸ್ಟರ್ ಮೂಲಕ ಅದು ಸೆಲ್ ಖಾಲಿ ಮಾಡುತ್ತದೆ, ಕೊನೆಗೆ ಎಷ್ಟು ಎಎಚ್ (ಆಂಪಿಯರ್ ಅವರ್, 1 ಎಎಚ್ ಅಂದರೆ 1000 ಎಂಎಎಚ್) ಅಂತ ತೋರಿಸುತ್ತದೆ. ಒಂದೇ ರೆಸಿಸ್ಟರ್ ಹಾಕಿದ್ದೇನೆ. ಕಟ್ ಆಫ್, ಅಂದರೆ ಪರೀಕ್ಷೆ ನಿಲ್ಲುವ ಮಟ್ಟ, 3.0 ವೋಲ್ಟ್ ಇಟ್ಟಿದ್ದೇನೆ. ಚಾರ್ಜ್ ಮಾಡುವುದು ಟಾರ್ಚ್ ಜೊತೆ ಬಂದ ಚಾರ್ಜರ್‌ನಲ್ಲಿ, ಹಸಿರು ದೀಪ ಬರುವ ತನಕ. ಸೆಲ್ ಹಿಡಿಯಲು ಸ್ಪ್ರಿಂಗ್ ಇರುವ ಕಪ್ಪು ಪ್ಲಾಸ್ಟಿಕ್ ಹೋಲ್ಡರ್.

9900 ಸೆಲ್‌ಗಳಲ್ಲಿ ಬಂದದ್ದು 0.87, 0.91, 0.64, 1.02 ಎಎಚ್. ಇದು ಮೋಸ ಅಂತ ನನಗೂ ಗೊತ್ತಾಯಿತು ಬಿಡಿ. ಆದರೆ 35ಇ ಸೆಲ್‌ಗಳಲ್ಲೂ 3.09 ಮತ್ತು 3.11 ಮಾತ್ರ ಬಂತು. 3500 ಅಂದಮೇಲೆ 400 ಕಮ್ಮಿ ಆಯ್ತಲ್ವಾ? ಎಸ್‌.ಪಿ. ರೋಡ್‌ನವರೂ ಟೋಪಿ ಹಾಕಿದರಾ, ಅಥವಾ ಈ ಅಗ್ಗದ ಬೋರ್ಡ್‌ನ ಲೆಕ್ಕವನ್ನೇ ನಂಬಬಾರದಾ? ತಿಳಿದವರು ಹೇಳಿ.

ಸೋಲ್ಡರ್‌ಕಡ್ಡಿ:

9900 ಸೆಲ್‌ಗೆ ಟೆಸ್ಟರೇ ಬೇಕಾಗಿರಲಿಲ್ಲ ಸರ್, ಅಡುಗೆಮನೆ ತಕ್ಕಡಿ ಸಾಕಿತ್ತು. ಒಳ್ಳೆಯ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ನಿಮ್ಮದನ್ನು ಇಟ್ಟು ನೋಡಿ, 35 ಕೂಡ ದಾಟಲಿಕ್ಕಿಲ್ಲ.

ಲೆಕ್ಕ ಹಾಕಿದರೂ ಸಿಕ್ಕಿಬೀಳುತ್ತದೆ. 9.9 ಎಎಚ್ ಇಂಟು 3.7 ಅಂದರೆ ಸುಮಾರು 36.6 ವ್ಯಾಟ್ ಅವರ್. 46 ಗ್ರಾಂ ಸೆಲ್‌ನಲ್ಲಿ ಅಷ್ಟು ಶಕ್ತಿ ಅಂದರೆ ಕೆಜಿಗೆ 800 ವ್ಯಾಟ್ ಅವರ್ ಹತ್ತಿರ ಆಯ್ತು. ಈಗ ಅಂಗಡಿಯಲ್ಲಿ ಸಿಗುವ ಒಳ್ಳೆಯ 18650 ಸೆಲ್‌ಗಳು ಕೆಜಿಗೆ 250ರ ಆಸುಪಾಸಿನಲ್ಲಿವೆ. ಅದರ ಮೂರು ಪಟ್ಟು ತುಂಬುವ ಸೆಲ್ ಯಾರಾದರೂ ಮಾಡಿದ್ದರೆ ಅದು ಮೊದಲು ಕಾರಿಗೆ ಹೋಗುತ್ತಿತ್ತು, ಇನ್ನೂರು ರೂಪಾಯಿ ಟಾರ್ಚ್‌ಗೆ ಬರುತ್ತಿರಲಿಲ್ಲ. ಈ ಸೈಜಿನಲ್ಲಿ ಹೆಸರಾಂತ ಕಂಪನಿಗಳ ಸೆಲ್ 3500, 3600ರ ಹತ್ತಿರ ನಿಲ್ಲುತ್ತದೆ. 5000, 6800, 9900, 12000 ಅಂತ ಕಂಡರೆ ಮುಂದಕ್ಕೆ ಓದುವುದೇ ಬೇಡ.

ಅಂಥ ಸೆಲ್ ಕೊಯ್ದು ನೋಡಿದವರಿಗೆ ದೊಡ್ಡ ಡಬ್ಬಿಯೊಳಗೆ ಸಣ್ಣ ಸೆಲ್ ಸಿಕ್ಕಿದ್ದೂ ಇದೆ, ಉಳಿದ ಜಾಗಕ್ಕೆ ಪುಡಿ ತುಂಬಿದ್ದೂ ಇದೆ. ನೀವು ಮಾತ್ರ ಕೊಯ್ಯಲು ಹೋಗಬೇಡಿ, ಒಳಗೆ ಶಾರ್ಟ್ ಆದರೆ ಬೆಂಕಿ.

35ಇ ವಿಷಯ ನನಗೆ ಅಷ್ಟು ಖಚಿತ ಇಲ್ಲ. ಮಿಲಿಓಮ್ ಅವರು ಬಂದು ಹೇಳಲಿ.

ಮಿಲಿಓಮ್:

ಬಂದೆ. ತೋಟದಮನೆಯವರೇ, ನಿಮ್ಮ 35ಇ ಸೆಲ್ ಅಸಲಿಯೇ ಇರಬಹುದು, ಅಂಗಡಿಯವರನ್ನು ಈಗಲೇ ಬೈಯಬೇಡಿ. ಎಂಎಎಚ್ ಅನ್ನುವ ಸಂಖ್ಯೆ ಒಂಟಿಯಾಗಿ ಬಂದರೆ ಅದಕ್ಕೆ ಬೆಲೆ ಇಲ್ಲ. ಎಷ್ಟು ವೋಲ್ಟ್ ತನಕ ಚಾರ್ಜ್ ಮಾಡಿದರು, ಎಷ್ಟು ಕರೆಂಟ್ ಎಳೆದರು, ಎಷ್ಟು ವೋಲ್ಟ್‌ಗೆ ನಿಲ್ಲಿಸಿದರು ಅನ್ನುವುದು ಜೊತೆಗೆ ಇರಬೇಕು.

ಸ್ಯಾಮ್‌ಸಂಗ್ 35ಇ ಡೇಟಾಶೀಟ್‌ನಲ್ಲಿ (ಕಂಪನಿಯೇ ಕೊಡುವ ವಿವರಪಟ್ಟಿ) ಇರುವುದು ಹೀಗೆ: 4.2 ವೋಲ್ಟ್ ತನಕ ಚಾರ್ಜ್, ಕರೆಂಟ್ 68 ಮಿಲಿ ಆಂಪಿಯರ್‌ಗೆ ಇಳಿದ ಮೇಲೆ ಚಾರ್ಜಿಂಗ್ ಬಂದ್, ಆಮೇಲೆ 680 ಮಿಲಿ ಆಂಪಿಯರ್ ಎಳೆಯುತ್ತಾ 2.65 ವೋಲ್ಟ್ ತನಕ ಇಳಿಸುವುದು. ಹೀಗೆ ಮಾಡಿದಾಗ ಕನಿಷ್ಠ 3350 ಬರಬೇಕು. ಅಂದರೆ ಕಂಪನಿಯೇ ಗ್ಯಾರಂಟಿ ಕೊಡುವುದು 3350ಕ್ಕೆ. 3500 ಅನ್ನುವುದು ಗ್ಯಾರಂಟಿ ಅಂಕಿಯಲ್ಲ. ಹಾಗಾಗಿ ನಿಮ್ಮ ಕೊರತೆ 400 ಅಲ್ಲ, ಸುಮಾರು 250.

ಈಗ ಆ 250 ಎಲ್ಲಿ ಹೋಯಿತು ನೋಡೋಣ.

ನೀವು 3.0ಕ್ಕೆ ನಿಲ್ಲಿಸಿದ್ದೀರಿ. ಈ ಜಾತಿಯ ಹೆಚ್ಚು ಎಂಎಎಚ್ ಸೆಲ್‌ಗಳಲ್ಲಿ 3.0 ವೋಲ್ಟ್‌ನ ಕೆಳಗೂ ಸ್ವಲ್ಪ ಸರಕು ಉಳಿದಿರುತ್ತದೆ. ಸಣ್ಣ ಕರೆಂಟ್‌ನಲ್ಲಿ ನೂರು ಎಂಎಎಚ್ ಆಸುಪಾಸು ಅಂತ ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡ ಕಳ್ಳ ಆ ಸ್ಪ್ರಿಂಗ್ ಹೋಲ್ಡರ್. ಈ ಬೋರ್ಡ್‌ಗೆ ವೋಲ್ಟೇಜ್ ನೋಡಲು ಬೇರೆ ತಂತಿ ಇಲ್ಲ, ಕರೆಂಟ್ ಹರಿಯುವ ತಂತಿಯಲ್ಲೇ ವೋಲ್ಟೇಜನ್ನೂ ನೋಡುತ್ತದೆ. ಸಣ್ಣ ತಂತಿ, ಸ್ಪ್ರಿಂಗ್, ತುಕ್ಕು ಹಿಡಿದ ಸ್ಕ್ರೂ ಎಲ್ಲ ಸೇರಿ ಕಾಲು ಓಮ್ ಇದ್ದರೂ ಅರ್ಧ ಆಂಪಿಯರ್‌ಗೆ 0.12 ವೋಲ್ಟ್ ಅಲ್ಲೇ ಹೋಯಿತು. ಸೆಲ್ ಇನ್ನೂ 3.1ರಲ್ಲಿ ಇರುವಾಗಲೇ ಬೋರ್ಡ್ 3.0 ಆಯ್ತು ಅಂದುಕೊಂಡು ನಿಲ್ಲಿಸಿಬಿಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ: ಎಎಚ್ ಲೆಕ್ಕ ತಪ್ಪಾಗುವುದಿಲ್ಲ, ಯಾಕಂದರೆ ಸೆಲ್‌ನಿಂದ ಹೊರಟ ಕರೆಂಟೇ ಬೋರ್ಡಿನಲ್ಲೂ ಹರಿಯುತ್ತದೆ. ನಿಲ್ಲಿಸುವ ಜಾಗ ಮಾತ್ರ ತಪ್ಪಾಗುತ್ತದೆ. ವ್ಯಾಟ್ ಅವರ್ ತೋರಿಸುವ ಟೆಸ್ಟರ್ ಆಗಿದ್ದರೆ ಅದೂ ತಪ್ಪಾಗುತ್ತಿತ್ತು.

ಪರೀಕ್ಷೆ ನಡೆಯುತ್ತಿರುವಾಗಲೇ ಮಲ್ಟಿಮೀಟರ್ ಮುಳ್ಳುಗಳನ್ನು ಸೀದಾ ಸೆಲ್‌ನ ಎರಡು ತುದಿಗೆ ಒತ್ತಿ ಹಿಡಿಯಿರಿ, ಹೋಲ್ಡರ್ ತಗಡಿಗೆ ಅಲ್ಲ. ಬೋರ್ಡ್ ತೋರಿಸುವ ವೋಲ್ಟೇಜ್ ಜೊತೆ ಹೋಲಿಸಿ. ವ್ಯತ್ಯಾಸ ಎಷ್ಟಿದೆಯೋ ಅಷ್ಟು ಕಟ್ ಆಫ್ ಕೆಳಗೆ ಇಳಿಸಿದರೂ ಆಯ್ತು, ತಂತಿ ದಪ್ಪ ಮಾಡಿದರೆ ಇನ್ನೂ ಒಳ್ಳೆಯದು. 35ಇ ಆದರೆ ಸೆಲ್ ತುದಿಯಲ್ಲಿ 2.7 ತನಕ ಇಳಿಸಲು ಹೆದರಬೇಡಿ. ಬೇರೆ ಸೆಲ್‌ಗೆ ಆಯಾ ಡೇಟಾಶೀಟ್ ನೋಡಿ.

ಇನ್ನು ಚಾರ್ಜರ್. ಹಸಿರು ದೀಪ ಬಂದ ಕೂಡಲೇ ಸೆಲ್ ತೆಗೆದು ವೋಲ್ಟೇಜ್ ನೋಡಿದ್ದೀರಾ? ಟಾರ್ಚ್ ಜೊತೆ ಕೊಡುವ ಚಾರ್ಜರ್‌ಗಳು 4.1ರಲ್ಲೇ ತೃಪ್ತಿಪಟ್ಟುಕೊಳ್ಳುವುದುಂಟು, ಆಗ ಹತ್ತರಲ್ಲಿ ಒಂದು ಪಾಲು ಚಾರ್ಜ್ ತುಂಬಿಯೇ ಇರುವುದಿಲ್ಲ. ಕೆಲವು 4.3 ತನಕವೂ ಏರಿಸುತ್ತವೆ, ಅದು ಅಪಾಯ, ಅಂಥದ್ದನ್ನು ಆವತ್ತೇ ಪಕ್ಕಕ್ಕೆ ಇಡಿ. 4.15ರಿಂದ 4.22ರ ಒಳಗೆ ಇದ್ದರೆ ಮುಂದುವರಿಸಿ.

ಅಂತಾರಾಷ್ಟ್ರೀಯ ಮಾನದಂಡ ಐಇಸಿ 61960ರ ಪ್ರಕಾರ ಚಾರ್ಜ್ ಆದ ಸೆಲ್ಲನ್ನು 1ರಿಂದ 4 ಗಂಟೆ ಬಿಟ್ಟು, 20 ಡಿಗ್ರಿ ಆಸುಪಾಸಿನಲ್ಲಿ, ಐದು ಗಂಟೆಯಲ್ಲಿ ಖಾಲಿಯಾಗುವಷ್ಟು ಕರೆಂಟ್ ಎಳೆದು ಅಳೆಯಬೇಕು. ನಿಮ್ಮ 7.5 ಓಮ್‌ನಲ್ಲಿ ಶುರುವಿಗೆ 0.56 ಆಂಪಿಯರ್, ಕೊನೆಗೆ 0.4. ಅಂದರೆ ಡೇಟಾಶೀಟ್‌ಗಿಂತ ಸ್ವಲ್ಪ ಮೆದು ಪರೀಕ್ಷೆಯೇ. ಮನೆಮಟ್ಟಿಗೆ ಸಾಕು. ಬೋರ್ಡ್‌ನ ಆಂಪಿಯರ್ ಸರಿಯಾಗಿದೆಯಾ ಅಂತ ಒಂದು ಸಲ ಮಲ್ಟಿಮೀಟರನ್ನು ಸಾಲಿನಲ್ಲಿ ಸೇರಿಸಿ ನೋಡಿಬಿಡಿ, ಆಮೇಲೆ ಆ ಚಿಂತೆ ಇರುವುದಿಲ್ಲ.

ರೆಸಿಸ್ಟರ್ ಎರಡು ವ್ಯಾಟ್‌ಗಿಂತ ಜಾಸ್ತಿ ಬಿಸಿ ಉಗುಳುತ್ತದೆ, ಮುಟ್ಟಿದರೆ ಚುರುಕ್ ಅನ್ನುತ್ತದೆ. ಹೆಂಚಿನ ಚೂರಿನ ಮೇಲೆ ಇಡಿ, ಪ್ಲಾಸ್ಟಿಕ್ ಟೇಬಲ್ ಮೇಲೆ ಬೇಡ. 35ಇ ಖಾಲಿಯಾಗಲು ಆರೇಳು ಗಂಟೆ ಬೇಕು, ಹಾಗಂತ ರಾತ್ರಿ ಹಚ್ಚಿ ಮಲಗುವುದೂ ಬೇಡ.

ಹಳೇರೇಡಿಯೋ:

ಇಷ್ಟೆಲ್ಲಾ ಯಾಕೆ ಸ್ವಾಮಿ? ಟಾರ್ಚ್‌ಗೆ ಹಾಕಿ, ಎಷ್ಟು ಹೊತ್ತು ಉರಿಯುತ್ತೆ ನೋಡಿ, ಮುಗೀತು. ತೂಕ ಸರಿ ಇದ್ದರೆ ಸೆಲ್ ಸರಿ. ಅರ್ಧ ಆಂಪಿಯರ್‌ಗೆ ಪಿಎಚ್‌ಡಿ ಮಾಡಬೇಕಾ.

ಮಿಲಿಓಮ್:

ತೂಕ ಸರಿ ಇದ್ದರೆ ಸೆಲ್ ಸರಿ ಅನ್ನುವುದು ಮಾತ್ರ ಒಪ್ಪಲಾರೆ ಹಳೇರೇಡಿಯೋ ಅವರೇ. ತೂಕ ಕಮ್ಮಿ ಇದ್ದರೆ ನಕಲಿ ಅನ್ನಬಹುದು, ತಿರುಗಿಸಿ ಹೇಳಲು ಬರುವುದಿಲ್ಲ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್‌ಗೆ ಹೊಸ ಕವರ್ ಸುತ್ತಿ ಮಾರುತ್ತಾರೆ. ಅದರ ತೂಕ 45 ಗ್ರಾಂ ಇದ್ದೇ ಇರುತ್ತದೆ. ಸಾವಿರ ಎಂಎಎಚ್ ಕೂಡ ಉಳಿದಿರದೇ ಇರಬಹುದು. ಸೆಲ್ ವಯಸ್ಸಾದ ಹಾಗೆ ತೂಕ ಇಳಿಯುವುದಿಲ್ಲವಲ್ಲ, ಮನುಷ್ಯರ ಹಾಗೆ.

ಅಂಥದ್ದನ್ನು ಹಿಡಿಯಲು ಒಳರೋಧ, ಅಂದರೆ ಸೆಲ್ ಒಳಗೇ ಕರೆಂಟ್‌ಗೆ ಇರುವ ತಡೆ, ನೋಡಬೇಕು. ಪೂರ್ತಿ ಚಾರ್ಜ್ ಆದ ಸೆಲ್‌ನ ತುದಿಯಲ್ಲಿ ಸುಮ್ಮನಿದ್ದಾಗಿನ ವೋಲ್ಟೇಜ್ ಬರೆದುಕೊಳ್ಳಿ, ರೆಸಿಸ್ಟರ್ ಸೇರಿಸಿ ಹತ್ತು ಸೆಕೆಂಡ್ ಆದ ಮೇಲೆ ಇನ್ನೊಮ್ಮೆ ನೋಡಿ. ಇಳಿದ ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿ. 4.15 ಇದ್ದದ್ದು 4.12 ಆಯಿತು, ಕರೆಂಟ್ 0.55 ಅಂದರೆ ಸುಮಾರು 55 ಮಿಲಿ ಓಮ್, ಆರೋಗ್ಯವಾಗಿದೆ. 4.10 ಇದ್ದದ್ದು 3.93ಕ್ಕೆ ಬಿದ್ದರೆ 300 ಮಿಲಿ ಓಮ್ ದಾಟಿತು, ಅದು ಹೋಗಿರುವ ಸೆಲ್. ಸಾಮಾನ್ಯ ಮಲ್ಟಿಮೀಟರ್ ಎರಡೇ ದಶಮಾಂಶ ತೋರಿಸುವುದರಿಂದ ಇದು ದಪ್ಪ ಅಂದಾಜು ಅಷ್ಟೇ. ಡೇಟಾಶೀಟ್‌ನಲ್ಲಿ ಕೊಡುವುದು ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಎಸಿಯಲ್ಲಿ ಅಳೆದದ್ದು, ಅದು ಇದಕ್ಕಿಂತ ಕಮ್ಮಿಯೇ ಇರುತ್ತದೆ, ಎರಡನ್ನೂ ಹೋಲಿಸಿ ಗಾಬರಿಯಾಗಬೇಡಿ. ಚಾರ್ಜರ್ ಪರದೆಯಲ್ಲಿ ಬರುವ ಮಿಲಿ ಓಮ್ ಅಂತೂ ಸೆಲ್ಲನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಬೇರೆಯೇ ಆಗುತ್ತದೆ, ಅದನ್ನು ನಾನು ನೋಡುವುದೇ ಬಿಟ್ಟಿದ್ದೇನೆ.

ಟಾರ್ಚ್‌ನಲ್ಲಿ ಉರಿಸಿ ನೋಡುವುದು ತಪ್ಪಲ್ಲ, ಆದರೆ ಒಂದೊಂದು ಟಾರ್ಚ್ ಬ್ಯಾಟರಿ ಇಳಿದ ಹಾಗೆ ಬೆಳಕನ್ನೂ ಮೆಲ್ಲಗೆ ಇಳಿಸುತ್ತಾ ಹೋಗುತ್ತದೆ. ಎಂಟು ಗಂಟೆ ಉರಿಯಿತು ಅಂದರೆ ಕೊನೇ ನಾಲ್ಕು ಗಂಟೆ ಮಿಂಚುಹುಳದಷ್ಟು ಇರಬಹುದು.

ಬಸ್‌ಸ್ಟ್ಯಾಂಡ್:

ಮಧ್ಯದಲ್ಲಿ ನನ್ನದೊಂದು. ಪವರ್ ಬ್ಯಾಂಕ್ ಮೇಲೆ 10000 ಎಂಎಎಚ್ ಇದೆ, ಯುಎಸ್‌ಬಿ ಮೀಟರ್ ಹಾಕಿದರೆ 6350 ತೋರಿಸುತ್ತೆ. ಇದೂ ನಕಲಿಯಾ? ಬಾಕ್ಸ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಬೇರೆ ಇದೆ.

ಸೋಲ್ಡರ್‌ಕಡ್ಡಿ:

ನಿಮ್ಮದು ಸರಿಯಾಗಿಯೇ ಇದೆ. 10000 ಅನ್ನುವುದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಹೊರಗೆ ಬರುವುದು 5 ವೋಲ್ಟ್. 37ನ್ನು 5ರಿಂದ ಭಾಗಿಸಿದರೆ 7400. ವೋಲ್ಟೇಜ್ ಏರಿಸುವಾಗ ಹತ್ತು ಹದಿನೈದು ಪರ್ಸೆಂಟ್ ಬಿಸಿಯಾಗಿ ಹೋಗುತ್ತದೆ. ಉಳಿದದ್ದು 6300ರಿಂದ 6600. ಬಾಕ್ಸ್ ಹಿಂದೆ ಸಣ್ಣ ಅಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇದೇ ಥರದ ಸಂಖ್ಯೆ ಇರುತ್ತದೆ ನೋಡಿ. ಮುಂದೆ ದೊಡ್ಡದಾಗಿ 10000, ಹಿಂದೆ ಇರುವೆಯಷ್ಟು 6000 ಚಿಲ್ಲರೆ, ಸುಳ್ಳಲ್ಲ, ಆದರೆ ಪ್ರಾಮಾಣಿಕತೆ ಅಂತಲೂ ಕರೆಯಲ್ಲ ನಾನು. ವ್ಯಾಟ್ ಅವರ್ ಒಂದೇ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ವಿಮಾನದವರು 100 ವ್ಯಾಟ್ ಅವರ್ ಅಂತ ಮಿತಿ ಇಟ್ಟಿರುವುದು ಅದಕ್ಕೇ. 27000 ಎಂಎಎಚ್ ಆಸುಪಾಸಿಗೇ ಎಷ್ಟೋ ಪವರ್ ಬ್ಯಾಂಕ್‌ಗಳು ನಿಲ್ಲುವುದು ಯಾಕೆ ಅಂತ ಗೊತ್ತಾಯ್ತಲ್ವಾ.

ಬಿಐಎಸ್ ಬಗ್ಗೆ: ಲಿಥಿಯಂ ಸೆಲ್‌ಗೆ ಐಎಸ್ 16046 ಅನ್ವಯ, ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತದೆ. ನಂಬರ್ ಸಿಗದಿದ್ದರೆ, ಅಥವಾ ಬಲ್ಬಿನ ಕಂಪನಿ ಹೆಸರು ಬಂದರೆ, ಮಾಲು ಖೋಟಾ. ಆದರೆ ಆ ಮಾನದಂಡ ನೋಡುವುದು ಸುರಕ್ಷತೆ: ಶಾರ್ಟ್ ಆದಾಗ, ಕೆಳಗೆ ಬಿದ್ದಾಗ, ಬಿಸಿಯಾದಾಗ ಸೆಲ್ ಏನಾಗುತ್ತದೆ ಅನ್ನುವುದು. ಎಂಎಎಚ್ ನಿಜವಾ ಅಂತ ಆ ಗುರುತು ಹೇಳುವುದಿಲ್ಲ.

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿ ನೋಡಿದೆ.

ತೂಕ: 9900 ಸೆಲ್ 29ರಿಂದ 33 ಗ್ರಾಂ. 35ಇ ಎರಡೂ 48 ಚಿಲ್ಲರೆ. ಮನೆಯವರ ತಕ್ಕಡಿ ವಾಪಸ್ ಇಟ್ಟಿದ್ದೇನೆ, ಬೈಗುಳ ತಿಂದೇ.

ಹೋಲ್ಡರ್: ಬೋರ್ಡ್ 3.46 ತೋರಿಸುವಾಗ ಸೆಲ್ ತುದಿಯಲ್ಲಿ 3.58 ಇತ್ತು! ಮಿಲಿಓಮ್ ಅವರು ಬರೆದದ್ದಕ್ಕೆ ಸರಿಯಾಗಿ 0.12. ಆ ಹೋಲ್ಡರ್ ತಂತಿ ನೋಡಿದರೆ ಕೂದಲಿನಷ್ಟು ತಾಮ್ರ, ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್. ಹಳೇ ಮಿಕ್ಸಿ ವೈರ್ ಕತ್ತರಿಸಿ ಸೋಲ್ಡರ್ ಮಾಡಿದೆ, ಸ್ಪ್ರಿಂಗ್‌ಗೂ ಒಳಗಿಂದ ತಂತಿ ಹಾಯಿಸಿದೆ. ಈಗ ವ್ಯತ್ಯಾಸ 0.03. ಚಾರ್ಜರ್ ಹಸಿರಾದಾಗ ಸೆಲ್ 4.16. ಕಟ್ ಆಫ್ 2.7ಕ್ಕೆ ಇಳಿಸಿ ಪರೀಕ್ಷೆ ಮಾಡಿದರೆ 3.28 ಮತ್ತು 3.30 ಎಎಚ್. ಒಳರೋಧ ಎರಡಕ್ಕೂ 60 ಮಿಲಿ ಓಮ್ ಒಳಗೇ ಬಂತು. ಇಷ್ಟಾದರೆ ಅಸಲಿ ಅನ್ನಬಹುದಾ?

ಮತ್ತೊಂದು. 0.64 ಬಂದಿದ್ದ ನಕಲಿ ಸೆಲ್ ಚಾರ್ಜ್ ಮಾಡಿ ಸುಮ್ನೆ ಇಟ್ಟಿದ್ದೆ, ಈಗ ನೋಡಿದರೆ 1.7 ವೋಲ್ಟ್‌ಗೆ ಇಳಿದಿದೆ. ಚಾರ್ಜರ್‌ಗೆ ಹಾಕಿದರೆ ದೀಪ ಕೆಂಪಾಗುತ್ತಿದೆ, ತುಂಬುತ್ತಿದೆ ಅನ್ನಿಸುತ್ತದೆ. ಮುಂದುವರಿಸಲಾ?

ಮಿಲಿಓಮ್:

ಮೊದಲು ಅದನ್ನು ಚಾರ್ಜರ್‌ನಿಂದ ತೆಗೆಯಿರಿ! ಈಗಲೇ. 2 ವೋಲ್ಟ್‌ನ ಕೆಳಗೆ ಹೋದ ಲಿಥಿಯಂ ಅಯಾನ್ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಿರಬಹುದು, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಕಾದ ಕಡೆ ಕೂರುವುದಿಲ್ಲ, ಒಳಗೇ ಶಾರ್ಟ್ ಆಗಬಹುದು. ಅದು ತಾನಾಗಿಯೇ ಅಷ್ಟು ಇಳಿಯಿತು ಅಂದರೆ ಒಳಗೆ ಮೊದಲೇ ಸೋರಿಕೆ ಇದೆ.

35ಇ ಅಸಲಿ ಅಂತಲೇ ನನ್ನ ಲೆಕ್ಕ. ಚಾರ್ಜರ್ 4.16ಕ್ಕೆ ನಿಲ್ಲುತ್ತಿದೆ, ಬೋರ್ಡ್‌ಗೂ ಒಂದೆರಡು ಪರ್ಸೆಂಟ್ ಆಚೀಚೆ ಇರುತ್ತದೆ, 3.30 ಅಂದರೆ 3350ಕ್ಕೆ ಹತ್ತಿರವೇ. ಎರಡು ಸೆಲ್ ಒಂದೇ ಥರ ಬಂದದ್ದು ಇನ್ನೂ ಒಳ್ಳೆಯ ಲಕ್ಷಣ. ನಕಲಿಯಲ್ಲಿ 0.64, 1.02 ಅಂತ ಚೆಲ್ಲಾಪಿಲ್ಲಿ ಬಂದಿತ್ತಲ್ಲ, ಕಸದ ರಾಶಿಯಿಂದ ಆರಿಸಿದ ಸೆಲ್ ಹಾಗೇ ಬರುವುದು. ಪೂರ್ತಿ ಚಾರ್ಜ್ ಮಾಡಿ ಒಂದೆರಡು ವಾರ ಬಿಟ್ಟು ವೋಲ್ಟೇಜ್ ನೋಡಿ, ಬಹುತೇಕ ಅಲ್ಲೇ ನಿಂತಿದ್ದರೆ ಆ ಪರೀಕ್ಷೆಯೂ ಪಾಸ್.

ಹಳೇರೇಡಿಯೋ:

0.12 ವೋಲ್ಟ್ ಹೋಲ್ಡರ್‌ನಲ್ಲೇ ಹೋಗುತ್ತೆ ಅಂದರೆ ನಂಬಿರಲಿಲ್ಲ, ನನ್ನ ಹತ್ತಿರ ಇರುವ ಹೋಲ್ಡರೂ ಅದೇ ಕಪ್ಪು ಬಣ್ಣದ್ದು. ನೋಡ್ತೀನಿ.

ಅಂದಹಾಗೆ, ಔಷಧಿ ಹೊಡೆಯುವ ಸ್ಪ್ರೇಯರ್, ಸೋಲಾರ್ ದೀಪದ ಬ್ಯಾಟರಿಗಳನ್ನೂ ಇದೇ ರೀತಿ ಟೆಸ್ಟ್ ಮಾಡಬಹುದಾ? ನಮ್ಮ ಸೋಲಾರ್ ದೀಪದ್ದು ಸ್ವಲ್ಪ ದಪ್ಪ ಸೆಲ್, 3.2 ವೋಲ್ಟ್ 6000 ಎಂಎಎಚ್ ಅಂತ ಇದೆ.

ಸೋಲ್ಡರ್‌ಕಡ್ಡಿ:

3.2 ಅಂತ ಇದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬೇರೆ ಜಾತಿಯ ಲಿಥಿಯಂ ಸೆಲ್, ಕವರ್ ಮೇಲೆ ಐಎಫ್ಆರ್32700 ಅಂತ ಇರಬಹುದು. ಆ ಸೈಜಿಗೆ 6000 ನಿಜವಾದ ಸಂಖ್ಯೆಯೇ. ಅದನ್ನು 3.65 ವೋಲ್ಟ್‌ಗಿಂತ ಜಾಸ್ತಿ ಚಾರ್ಜ್ ಮಾಡಬಾರದು, 18650ರ 4.2 ವೋಲ್ಟ್ ಚಾರ್ಜರ್‌ಗೆ ಹಾಕಲೇಬೇಡಿ. ಅಳೆಯುವಾಗ ಕಟ್ ಆಫ್ 2.5 ಇಡಿ. 7.5 ಓಮ್ ಒಂದೇ ಹಾಕಿದರೆ ಇಡೀ ದಿನ ಕಾಯಬೇಕಾಗುತ್ತದೆ, ಎರಡು ರೆಸಿಸ್ಟರ್ ಪಕ್ಕಪಕ್ಕ (ಪ್ಯಾರಲಲ್) ಜೋಡಿಸಿ. ಸ್ಪ್ರೇಯರ್‌ನಲ್ಲಿ ಹೆಚ್ಚಾಗಿ 12 ವೋಲ್ಟ್ ಲೆಡ್ ಬ್ಯಾಟರಿ ಇರುತ್ತದೆ, ಅದರ ಲೆಕ್ಕವೇ ಬೇರೆ, ಈ ಸಣ್ಣ ರೆಸಿಸ್ಟರ್‌ಗೆ 12 ವೋಲ್ಟ್ ಕೊಟ್ಟರೆ ಹೊಗೆ ಬರುತ್ತದೆ.

ತೋಟದಮನೆ:

ತೆಗೆದೆ ಸರ್, ಅಂಗಳದಲ್ಲಿ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಾಲ್ಕು ನಕಲಿ ಸೆಲ್ ಈಗ ಏನು ಮಾಡಲಿ? ಮಾರಿದವರು ವಾಪಸ್ ತಗೊಳಲ್ಲ ಅಂದರು, ದಿನ ಮುಗಿದಿದೆಯಂತೆ.

ಮಿಲಿಓಮ್:

ಒಳ್ಳೆಯದಾಯ್ತು. ನಾಲ್ಕರ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಬಚ್ಚಲ ಒಲೆಗೆ, ಗೊಬ್ಬರದ ಗುಂಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಜವಾಬ್ದಾರಿ ತಯಾರಕರದ್ದು ಮತ್ತು ಆಮದು ಮಾಡುವವರದ್ದು, ಆದರೆ ಹೆಸರೇ ಇಲ್ಲದ ಸೆಲ್‌ಗೆ ಯಾರನ್ನು ಹುಡುಕುತ್ತೀರಿ. ಯಾರಾದರೂ ಬೆಂಗಳೂರಿಗೆ ಹೋಗುವಾಗ ಇ-ವೇಸ್ಟ್ ತೆಗೆದುಕೊಳ್ಳುವ ಕಡೆ ಕೊಡಿಸಿ. ಕೊಡುವ ಮೊದಲು ಕವರ್ ಮೇಲಿನ ಆ 9900 ಅನ್ನು ಪೆನ್ನಿನಿಂದ ಹೊಡೆದುಹಾಕಿ, ಇಲ್ಲದಿದ್ದರೆ ಇನ್ಯಾರದೋ ಟಾರ್ಚ್‌ಗೆ ಹೋಗಿ ಕೂರುತ್ತದೆ.